ಹತ್ತಿ ಹಿಂಜಿದ ಮೂತಿ ಲಾರಿ

ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದಾಗ ಅಕ್ಕ ಹಾಕಿದ್ದು ಒಂದೇ ಷರತ್ತು.

"ಹೆಸರು ಹಾಕಬ್ಯಾಡ್ರಿ ಅಕ್ಕೋರ್ರ. ಗಾದಿ ಮಾಡಾಕಿ ಅಂತ ಬರೀರಿ. ಗೊತ್ತಾಗೋರಿಗೆ ಗೊತ್ತಾಗತೈತಿ."

ಅದರಲ್ಲಿ ನನಗೂ ಸಂಶಯವಿಲ್ಲ. ಸಿಂದಗಿಯಿಂದ ಇಂಡಿಯವರೆಗೆ, ಇತ್ತ ಮುದ್ದೇಬಿಹಾಳದವರೆಗೆ, ಗಾದಿಯ ಮೂಲೆಯ ಹೊಲಿಗೆ ನೋಡಿ ಇದು ಯಾರ ಕೈಕೆಲಸ ಎಂದು ಹೇಳಬಲ್ಲ ಮನೆಗಳು ಈಗಲೂ ಇವೆ. ಆ ಮನೆಗಳ ಬಾಗಿಲಿಗೆ ಅವರು ಹೋದದ್ದು ಒಂದು ಹಳೆಯ ಮೂತಿ ಲಾರಿಯಲ್ಲಿ. ಎಂಜಿನ್ನು ಚಾಲಕನ ಮುಂದೆ ಉದ್ದಕ್ಕೆ ಚಾಚಿಕೊಂಡಿರುತ್ತದಲ್ಲ, ಆ ಕಾಲದ್ದು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಸಿಂದಗಿಯಲ್ಲಿ ಹದಿನಾರು ವರ್ಷ ಅವರ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಬಾಡಿಗೆಗಿದ್ದೆ. ಅವರು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ತಲೆಮಾರುಗಳಿಂದ ಹತ್ತಿ ಹಿಂಜಿ ಗಾದಿ ಮಾಡಿಕೊಂಡು ಬಂದ ಮುಸ್ಲಿಂ ಮನೆತನ. ಮನೆಯ ಮಾತು ನಮ್ಮಂತೆಯೇ ಕನ್ನಡ. ಗಿಡ್ಡ ಆಳು, ಅಗಲ ಹೆಗಲು, ಹುಬ್ಬಿನ ಮೇಲೆ ಯಾವಾಗಲೂ ಒಂದಿಷ್ಟು ಹತ್ತಿಯ ಎಳೆ. ಯಾರ ಮನೆಗೆ ಹೋದರೂ ಕೂಡುವ ಮೊದಲು ಹಾಸಿಗೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡುವುದು ಅವರ ಚಾಳಿ. ನಾವು ಆ ಮನೆಗೆ ಬಂದ ಮೊದಲ ದಿನ ಚಹಾ ತಂದುಕೊಟ್ಟವರು ನಮ್ಮ ಗಾದಿಯನ್ನೂ ಹಾಗೇ ಹಿಚುಕಿ, "ಮ್ಯಾಲ ಹತ್ತಿ, ಒಳಗ ಚಿಂದಿ. ಇದನ್ನ ಮಾಡಿದಂವ ನಿಮಗ ಮೋಸ ಮಾಡ್ಯಾನ್ರಿ" ಎಂದರು. ಬೇಸರದ ದನಿಯಲ್ಲಿ ಹೇಳಿದರು, ಅದು ತಮ್ಮದೇ ತಪ್ಪೇನೋ ಎಂಬಂತೆ. ಸಂಜೆಯೊಳಗೆ ಗಾದಿ ಬಿಚ್ಚಿ, ಹಿಂಜಿ, ಮತ್ತೆ ಹೊಲಿದು ಕೊಟ್ಟರು.

ಆಗ ಹಿಂಜುವ ಮಶೀನು ಅವರ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿತ್ತು. ಗಂಡ ಮಶೀನಿಗೆ ಹತ್ತಿ ಹಾಕುತ್ತಿದ್ದರು, ಅಕ್ಕ ತುಂಬಿ ಹೊಲಿಯುತ್ತಿದ್ದರು. ಮೆತ್ತಗೆ ಮಾತಾಡುವ, ಸದಾ ಕೊರಳಿಗೆ ಟವೆಲು ಸುತ್ತಿಕೊಂಡಿರುವ ಮನುಷ್ಯ ಆತ. ಮೂವತ್ತು ವರ್ಷ ಹತ್ತಿಯ ಧೂಳು ಕುಡಿದು ಎದೆ ಕೆಟ್ಟಿತ್ತು. ಮಶೀನಿನ ಹತ್ತಿರ ಇನ್ನು ಹೋಗಲೇಬಾರದು ಎಂದು ಡಾಕ್ಟರು ಹೇಳಿದ ವರ್ಷವೇ ಕೆಲಸವೂ ಕಡಿಮೆಯಾಗತೊಡಗಿತು. ಪೇಟೆಯಲ್ಲಿ ಸ್ಪಂಜಿನ ಗಾದಿಗಳು ಬಂದಿದ್ದವು. ಹಳ್ಳಿಯವರಿಗೆ ಹತ್ತಿಯ ಗಾದಿಯೇ ಬೇಕು, ಆದರೆ ಅದನ್ನು ಹಿಂಜಿಸಲು ಸಿಂದಗಿಯವರೆಗೆ ತರುವುದು ಹೇಗೆ? ಬಸ್ಸಿನಲ್ಲಿ ಹಾಕಿಕೊಳ್ಳುವುದಿಲ್ಲ, ಟಂಟಂ ಆಟೊದವರು ಮೂರು ಜನರ ಜಾಗ ಹಿಡಿಯುತ್ತದೆ ಎನ್ನುತ್ತಾರೆ. ಒಳಗಿನ ಹತ್ತಿ ಗಂಟು ಕಟ್ಟಿದ ಹಳೆಯ ಗಾದಿಗಳು ಮನೆಯ ಮೂಲೆಯಲ್ಲೇ ಉಳಿದವು.

ಒಂದು ದಿನ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಾಗ ಅಕ್ಕ ಹೇಳಿದರು: "ಗಾದಿ ಮಶೀನಿನ ಕಡೆ ಬರಾಕ ಆಗವಲ್ದು. ಮಶೀನ ಗಾದಿ ಕಡೆ ಹೋದ್ರ?"

ನಾನು ನಕ್ಕೆ. ಹಳ್ಳಿಯಲ್ಲಿ ಕರೆಂಟು ಇರುವುದು ಯಾವಾಗ, ಹೋಗುವುದು ಯಾವಾಗ, ಮಶೀನು ಹೇಗೆ ನಡೆಸುತ್ತೀರಿ ಎಂದು ಕೇಳಿದೆ. ಅವರು ಆ ಪ್ರಶ್ನೆಯನ್ನು ಕಟ್ಟಿಕೊಂಡು ಬಸವನ ಬಾಗೇವಾಡಿಗೆ ಹೋದರು. ಅಲ್ಲೊಬ್ಬ ವಯಸ್ಸಾದ ಮೇಸ್ತ್ರಿ ಇದ್ದರು, ಲಾರಿ ರಿಪೇರಿಯವರು. ಅಕ್ಕನ ತವರಿನ ಕಡೆಯ ಪರಿಚಯ. ಅವರು ಹೇಳಿದ್ದು ಇಷ್ಟು: ಇಂಡಿ ಕಡೆಯ ಒಂದು ಕಾರ್ಖಾನೆಯ ಹಿತ್ತಲಲ್ಲಿ ಹಳೆಯ ನೀರಿನ ಲಾರಿಯೊಂದು ಲಿಲಾವಿಗೆ, ಅಂದರೆ ಹರಾಜಿಗೆ, ಬಂದಿದೆ. ಅದರ ಟ್ಯಾಂಕು ತುಕ್ಕು ಹಿಡಿದು ಹೋಗಿದೆ. ಆದರೆ ನೀರಿನ ಪಂಪು ನಡೆಸಲು ಎಂಜಿನ್ನಿನಿಂದಲೇ ತಿರುಗುವ ಒಂದು ಕಬ್ಬಿಣದ ಗಾಲಿ ಹೊಟ್ಟೆಯ ಕೆಳಗೆ ಇನ್ನೂ ಗಟ್ಟಿಯಾಗಿದೆ. ಅದಕ್ಕೆ ಬೆಲ್ಟು ಹಾಕಿದರೆ ಪಂಪೇನು, ಹಿಂಜುವ ಮಶೀನೂ ತಿರುಗುತ್ತದೆ.

ಲಿಲಾವಿನ ದಿನ ಮೇಸ್ತ್ರಿಯ ಜೊತೆ ನನ್ನನ್ನೂ ಕರೆದುಕೊಂಡು ಹೋದರು. ಲಾರಿ ಜಾಲಿಯ ಕಂಟಿಯೊಳಗೆ ನಿಂತಿತ್ತು. ನನ್ನ ವಯಸ್ಸಿನದೇ ಇರಬೇಕು. ಬಾನೆಟ್ಟಿನ ಮೇಲೆ ಕೋಳಿ ಮೊಟ್ಟೆಯಿಟ್ಟಿತ್ತು. ಅಕ್ಕ ಹೊರಗಿನಿಂದ ಅದನ್ನು ನೋಡಲೇ ಇಲ್ಲ. ಒಂದು ಗೋಣಿಚೀಲ ಹಾಸಿ ಸೀರೆಯ ಸೆರಗು ಬಿಗಿದುಕೊಂಡು ಸೀದಾ ಲಾರಿಯ ಕೆಳಗೆ ಹೋದರು, ಹಿಂದೆಯೇ ಮೇಸ್ತ್ರಿ. ಕೆಳಗಿನಿಂದ ಸುತ್ತಿಗೆಯ ಟಣ್ ಟಣ್ ಸದ್ದು, ನಡುನಡುವೆ ಮೇಸ್ತ್ರಿ ಹೂಂಗುಟ್ಟುವುದು. ಹೊರಗೆ ಬಂದಾಗ ಮೈತುಂಬ ಮಣ್ಣು, ಮುಖದಲ್ಲಿ ಬೆಳಕು.

ಲಿಲಾವು ಅಕ್ಕನ ಹೆಸರಿಗೆ ಮುಗಿದಾಗ ಗುಜರಿಯ ವ್ಯಾಪಾರಿಯೊಬ್ಬ ಕೇಳಿದ, "ಏನ್ರಿ, ತೂಕಕ್ಕ ಹಾಕಾಕ ತಗೊಂಡಿರೇನು?"

"ತೂಕ ಹೊರಾಕ ತಗೊಂಡೇನಿ" ಎಂದರು ಅಕ್ಕ.

ಅದಕ್ಕಾಗಿ ಅವರು ಎರಡು ಎಮ್ಮೆ ಮಾರಿದ್ದರು. ಹೊಸ ಸಣ್ಣ ಗಾಡಿ ಕಂತಿನ ಮೇಲೆ ಸಿಗುತ್ತಿತ್ತಲ್ಲ ಎಂದು ಓಣಿಯವರೆಲ್ಲ ಬುದ್ಧಿ ಹೇಳಿದರು. ಅಕ್ಕನ ಉತ್ತರ ಎಲ್ಲರಿಗೂ ಒಂದೇ: "ಹೊಸ ಗಾಡಿ ಹೊಟ್ಟಿಗೆ ಕೈ ಹಾಕಾಕ ಬಿಡೂದಿಲ್ರಿ. ಇದು ಬಿಡತೈತಿ." ಮೇಸ್ತ್ರಿ ಮೂರು ತಿಂಗಳು ಎಂಜಿನ್ನು ಬಿಚ್ಚಿ ಹರಡಿಕೊಂಡು ಕೂತರು. ಅಕ್ಕ ವಾರಕ್ಕೆರಡು ಸಲ ಬಾಗೇವಾಡಿಗೆ ಹೋಗಿ ಪಕ್ಕದಲ್ಲೇ ಕೂತು ಒಂದೊಂದು ಬೋಲ್ಟನ್ನೂ ಸೀಮೆಎಣ್ಣೆಯಲ್ಲಿ ತೊಳೆದರು. ಎಲ್ಲಿಂದ ಬಿಚ್ಚಿದ್ದು, ಎಲ್ಲಿಗೆ ಹೋಗಬೇಕು ಎಂಬುದನ್ನು ಗಾದಿಯ ಬಟ್ಟೆಯ ಚೂರುಗಳ ಮೇಲೆ ಬರೆದು ಕಟ್ಟಿಡುತ್ತಿದ್ದರು.

ಮೊದಲು ಒಬ್ಬ ಡ್ರೈವರನ್ನು ಇಟ್ಟುಕೊಂಡರು. ಅವನಿಗೆ ಗಾಡಿ ಓಡಿಸುವ ಕೆಲಸಕ್ಕಿಂತ ನಿಂತ ಗಾಡಿಯಲ್ಲಿ ದಿನವಿಡೀ ಹತ್ತಿಯ ಧೂಳಿನಲ್ಲಿ ಕೂಡುವ ಕೆಲಸವೇ ಹೆಚ್ಚಾಯಿತು. ಎರಡನೆಯ ತಿಂಗಳು ದೇವರ ಹಿಪ್ಪರಗಿಯ ಸಂತೆಯಲ್ಲಿ ಗಾಡಿಯ ಚಾವಿಯನ್ನು ಅಕ್ಕನ ಕೈಗಿಟ್ಟು, "ಇದು ಗಣಮಕ್ಕಳ ಕೆಲಸ ಅಲ್ರಿ" ಎಂದು ಬಸ್ಸು ಹತ್ತಿ ಹೋದ. ಅಕ್ಕ ಸಂಜೆಯವರೆಗೆ ಲಾರಿಯ ನೆರಳಲ್ಲಿ ಕೂತಿದ್ದರಂತೆ. ಆಮೇಲೆ ಹೇಳಿದರು: "ಸಿಟ್ಟ ಬರಲಿಲ್ರಿ. ಗಣಮಕ್ಕಳ ಕೆಲಸ ಅಲ್ಲ ಅಂದ್ರ ಹೆಣಮಕ್ಕಳದ್ದು ಅಂದಂಗ ಆತಲ್ಲ ಅನಸ್ತು."

ತಾವೇ ಓಡಿಸಲು ಕಲಿಯತೊಡಗಿದರು. ಮೊದಲು ಸಣ್ಣ ಗಾಡಿಯ ಲೈಸೆನ್ಸು, ಒಂದು ವರ್ಷ ಕಾದು ದೊಡ್ಡ ಗಾಡಿಯದು. ಆ ವರ್ಷ ಮೇಸ್ತ್ರಿಯ ತಮ್ಮ ಗಾಡಿ ಹೊಡೆದರು. ತೊಗರಿ ಕೊಯ್ದ ಹೊಲದಲ್ಲಿ ನಾಲ್ಕು ಗೂಟ ನೆಟ್ಟು, ಅವುಗಳ ನಡುವೆ ಹಿಂದಕ್ಕೆ ತೆಗೆಯುವುದನ್ನು ಅಕ್ಕ ರೂಢಿ ಮಾಡಿದರು. ಸ್ಟೇರಿಂಗು ತಿರುಗಿಸಿ ತಿರುಗಿಸಿ ಅಂಗೈ ಬೊಬ್ಬೆ ಬಂದವು. ಗಂಡ ದೂರದಲ್ಲಿ ಬದುವಿನ ಮೇಲೆ ಕೂತು, ಗೂಟ ಬಿದ್ದಾಗಲೆಲ್ಲ ಎದ್ದು ಹೋಗಿ ಮತ್ತೆ ನಿಲ್ಲಿಸಿ ಬರುತ್ತಿದ್ದರು. ವಿಜಯಪುರದಲ್ಲಿ ಪರೀಕ್ಷೆಯ ದಿನ ಸಾಲಿನಲ್ಲಿದ್ದ ಒಬ್ಬಳೇ ಹೆಂಗಸು ಅವರು, ಮೊದಲ ಸಲಕ್ಕೇ ಪಾಸಾದ ಮೂವರಲ್ಲಿ ಒಬ್ಬರು.

ಅದಕ್ಕಿಂತ ಕಷ್ಟದ್ದು ಗಾಡಿಯ ಪಾಸಿಂಗು. ಅಷ್ಟು ಹಳೆಯ ಲಾರಿ ರಸ್ತೆಗೆ ಇಳಿಯಲು ತಕ್ಕದ್ದಿದೆ ಎಂದು ವರ್ಷವರ್ಷವೂ ತೋರಿಸಬೇಕು. ಒಂದು ವರ್ಷ ನಾನೂ ಜೊತೆಗಿದ್ದೆ. ಇನ್ಸ್‌ಪೆಕ್ಟರು ವಯಸ್ಸಿನಲ್ಲಿ ಸಣ್ಣವರು, ಸಭ್ಯರು, ಆದರೆ ಕಟ್ಟುನಿಟ್ಟು. ಹಿಂದೆ ಕೂಡಿಸಿದ್ದ ಹಿಂಜುವ ಮಶೀನನ್ನು ನೋಡಿ ತಲೆಯಾಡಿಸಿದರು.

"ಗಾಡಿಗಿ ಹಿಂಗ ಮಶೀನ ಜೋಡಿಸಾಕ ಬರೂದಿಲ್ರಿ ಅಮ್ಮಾ. ಇದು ಸರಕಿನ ಗಾಡಿ."

"ಅದು ಸರಕ ಐತ್ರಿ ಸಾಹೇಬ್ರ" ಎಂದರು ಅಕ್ಕ. "ಗಾಡಿಗಿ ಜೋಡಿಸಿಲ್ಲ, ಹೇರೇನಿ."

"ಬೋಲ್ಟ ಹಾಕೀರಿ ಮತ್ತ?"

"ಬೀಳಬಾರದು ಅಂತ ಹಾಕೇನ್ರಿ. ಹಗ್ಗ ಕಟ್ಟೋರು ಹಗ್ಗ ಕಟ್ತಾರ."

ಹೀಗೆಂದವರೇ ಪಾನಾ ತೆಗೆದುಕೊಂಡು ಹಿಂದೆ ಹತ್ತಿದರು. ನಾಲ್ಕು ಬೋಲ್ಟು ಬಿಚ್ಚಿ, ಬೆಲ್ಟು ಕಳಚಿ, ಎರಡು ಹಲಗೆ ಇಳಿಬಿಟ್ಟು ಮಶೀನನ್ನು ನೆಲಕ್ಕೆ ಜಾರಿಸಿದರು. ಇನ್ಸ್‌ಪೆಕ್ಟರು ಗಡಿಯಾರ ನೋಡಿಕೊಂಡರು, ಲಾರಿಯ ಸುತ್ತ ಮತ್ತೊಮ್ಮೆ ತಿರುಗಿದರು. ಅಡಿಯ ಗಾಲಿ ನೀರಿನ ಲಾರಿಯ ಕಾಲದಿಂದಲೂ ಕಾಗದದಲ್ಲಿ ನಮೂದಾಗಿತ್ತು. ಬ್ರೇಕು, ದೀಪ, ಹೊಗೆ ಎಲ್ಲ ನೋಡಿದರು. ಸಹಿ ಹಾಕುತ್ತ, "ನಿಮ್ಮಷ್ಟ ಛಲೋ ಇಟ್ಟಿರೋ ಹಳೀ ಗಾಡಿ ಈ ವರ್ಷ ನೋಡಿಲ್ರಿ" ಎಂದರು. ವಾಪಸ್ಸು ಬರುವಾಗ ಅಕ್ಕ ದಾರಿಯುದ್ದಕ್ಕೂ ಆ ಮಾತನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡರು. ಸರಿಯಾಗಿ ಕೇಳಿಸಿರಲಿಲ್ಲ ಎಂದು ನೆವ.

ಆ ಲಾರಿಗೆ ವೇಗ ಇರಲಿಲ್ಲ. ಬಸ್ಸುಗಳು, ಕಬ್ಬಿನ ಟ್ರ್ಯಾಕ್ಟರುಗಳು ಕೂಡ ಹಿಂದೆ ಹಾಕಿ ಹೋಗುತ್ತಿದ್ದವು. "ನಂದು ಊರ ಮುಟ್ಟೂ ಗಾಡಿ, ಓಡೂ ಗಾಡಿ ಅಲ್ರಿ" ಎನ್ನುತ್ತಿದ್ದರು. ಊರ ಅಗಸೆ ಬಾಗಿಲ ಮುಂದೆ ನಿಂತು ಎರಡು ಸಲ ಹಾರ್ನು ಬಾರಿಸಿದರೆ ಗಾದಿಗಳು ತಲೆಯ ಮೇಲೆ ಬರತೊಡಗುತ್ತಿದ್ದವು. ಸಂಜೆ ತಿರುಗುವಾಗ ಖಾಲಿ ಬರುವುದು ಅವರಿಗೆ ಸೇರದು. ಸಿಂದಗಿಯ ಪೇಟೆಗೆ ತೊಗರಿ ಚೀಲ, ಯಾರದೋ ಮಗಳ ಮನೆಗೆ ಬೀಸುವ ಕಲ್ಲು, ಹೊಲಿಗೆ ಮಶೀನು ಎಲ್ಲವನ್ನೂ ಹೇರಿಕೊಂಡು ಬರುತ್ತಿದ್ದರು. ನಮ್ಮ ಶಾಲೆಗೆ ಬೆಂಚುಗಳು ಮುದ್ದೇಬಿಹಾಳದಿಂದ ಬಂದದ್ದೂ ಅದರಲ್ಲೇ. ಒಮ್ಮೆ ಇಕ್ಕಟ್ಟಿನ ದಾರಿಯಲ್ಲಿ ಎದುರಾದ ಟ್ರ್ಯಾಕ್ಟರಿನವ, "ಡ್ರೈವರ್‌ನ ಕರೀರಿ, ಗಾಡಿ ಹಿಂದ ತಗೀಲಿ" ಎಂದ. ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಂವ ಬಸ್ ಹತ್ತಿ ಹೋಗಿ ಭಾಳ ದಿನ ಆತಪಾ" ಎಂದು, ಅರ್ಧ ಫರ್ಲಾಂಗು ಹಿಂದಕ್ಕೆ ತೆಗೆದು ದಾರಿ ಬಿಟ್ಟುಕೊಟ್ಟರು. ಟ್ರ್ಯಾಕ್ಟರಿನವ ದಾಟಿ ಹೋಗುವಾಗ ಕೈಯೆತ್ತಿ ನಮಸ್ಕಾರ ಮಾಡಿದ.

ಆದರೆ ಅಕ್ಕ ಎಂದರೆ ನನ್ನ ಕಣ್ಣ ಮುಂದೆ ಬರುವುದು ಭೀಮಾ ನದಿ ಊರೊಳಗೆ ನುಗ್ಗಿದ ಆ ವರ್ಷ.

ನನಗೆ ಆಗ ಇಂಡಿ ತಾಲೂಕಿನ ನದಿದಂಡೆಯ ಒಂದು ಹಳ್ಳಿಗೆ ವರ್ಗವಾಗಿತ್ತು. ನೀರು ಬಂದಾಗ ಊರವರೆಲ್ಲ ದಿನ್ನೆಯ ಮೇಲಿನ ನಮ್ಮ ಶಾಲೆಗೆ ಬಂದು ಸೇರಿದರು. ಜೀವಕ್ಕೆ ಅಪಾಯವಾಗಲಿಲ್ಲ. ಎಂಟು ದಿನಕ್ಕೆ ನೀರು ಇಳಿದು ಜನ ಮನೆಗಳಿಗೆ ಹೋಗಿ ನೋಡಿದರೆ ಮೊಣಕಾಲುದ್ದ ಕೆಸರು, ತೊಯ್ದು ತೊಪ್ಪೆಯಾದ ಹಾಸಿಗೆಗಳು. ಗಾದಿಗಳನ್ನೆಲ್ಲ ಎಳೆದು ಹಾದಿಯ ಮೇಲೆ ಹಾಕಿದರು. ರೋಗ ಹರಡುತ್ತದೆ, ಒಟ್ಟಿ ಸುಡಬೇಕು ಎಂದು ಮೇಲುಸ್ತುವಾರಿಗೆ ಬಂದ ಅಧಿಕಾರಿ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಒಬ್ಬ ಮುದುಕಿ ಮಾತ್ರ ತನ್ನ ತೊಯ್ದ ಗಾದಿಯ ಮೇಲೇ ಕೂತುಬಿಟ್ಟಿದ್ದಳು, ಏಳುವುದಿಲ್ಲ ಎಂದು. ಚಳಿಗಾಲ ಮುಂದೆ ಇತ್ತು.

ಸಂಜೆ ಸಿಂದಗಿಗೆ ಬಂದವಳು ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಸಮಾಧಾನಕ್ಕೆ ಹೇಳಿಕೊಂಡೆನೇ ಹೊರತು ಬೇರೆ ಉದ್ದೇಶವಿರಲಿಲ್ಲ. ಅವರು ಒಂದೇ ಪ್ರಶ್ನೆ ಕೇಳಿದರು: "ಬಿಸಲ ಬಿದ್ದೈತೇನ್ರಿ ಅಲ್ಲಿ?" ಬಿದ್ದಿದೆ ಎಂದೆ.

ಮರುದಿನ ಬಸ್ಸು ಇಳಿದು ನಾನು ಶಾಲೆ ಮುಟ್ಟುವ ಹೊತ್ತಿಗೆ ಲಾರಿ ಅಲ್ಲಿತ್ತು. ಅಕ್ಕ ಅಧಿಕಾರಿಯ ಮುಂದೆ ನಿಂತು, ಬಿಚ್ಚಿದ ಗಾದಿಯೊಂದರ ನಡುವಿನಿಂದ ಹತ್ತಿಯ ಹಿಡಿ ತೆಗೆದು ತೋರಿಸುತ್ತಿದ್ದರು.

"ನೋಡ್ರಿ ಸಾಹೇಬ್ರ, ಒಳಗಿನ ಹತ್ತಿ ಇನ್ನೂ ಸತ್ತಿಲ್ಲ. ತೊಳದು ನಾಲ್ಕ ದಿನ ಒಣಗಿಸಿದ್ರ ಏಳತೈತಿ. ವಾಸನಿ ಉಳದದ್ದನ್ನ ನನ್ನ ಕೈಯಿಂದನ ನಾ ಸುಡ್ತೇನಿ."

"ಕರೆಂಟ್ ಇಲ್ಲಲ್ರಿ, ಹಿಂಜೂದು ಹ್ಯಾಂಗ?"

"ಕರೆಂಟ ಗಾಡಿ ಹೊಟ್ಯಾಗ ಐತ್ರಿ."

ಅಧಿಕಾರಿ ಏಳು ದಿನ ಕೊಟ್ಟರು. ಕೊಳವೆಬಾವಿಯ ಒಳ್ಳೆಯ ನೀರಿನ ಟ್ಯಾಂಕರನ್ನೂ ಕಳಿಸಿಕೊಟ್ಟರು.

ಮೊದಲ ಕೆಲಸ, ಗಾದಿಗಳನ್ನು ಊರಿನಿಂದ ದಿನ್ನೆಗೆ ಹೇರುವುದು. ತೊಯ್ದ ಗಾದಿಯೊಂದನ್ನು ಎತ್ತಲು ನಾಲ್ಕು ಜನ ಬೇಕು. ಪರಿಹಾರದ ಸಾಮಾನು ತಂದಿದ್ದ ಹೊಸ ಲಾರಿಗಳು ಡಾಂಬರು ಬಿಟ್ಟು ಕೆಳಗಿಳಿಯಲಿಲ್ಲ. ಎರಿಮಣ್ಣಿನಲ್ಲಿ ಹೂತರೆ ಯಾರು ಎಳೆಯುತ್ತಾರೆ ಎಂಬುದು ಅವರ ಅಂಜಿಕೆ. ಅಕ್ಕ ಊರೊಳಗೆ ಇಳಿದರು. ಎರಡನೆಯ ಸಲ ಏರುವಾಗ ಹಿಂದಿನ ಗಾಲಿ ಹೂತವು. ಗಾಲಿ ಗರಗರ ತಿರುಗಿ ಕೆಸರು ಹಾರಿತು, ಲಾರಿ ಅಲ್ಲಾಡಲಿಲ್ಲ. ಅವರು ತಕ್ಷಣ ಕಾಲು ತೆಗೆದು ಕೆಳಗಿಳಿದರು. "ಸಿಟ್ಟಿಲೆ ಒತ್ತಿದ್ರ ಇನ್ನೂ ಒಳಗ ಹೊಕ್ಕತೈತಿ" ಎಂದು ಹೆಂಗಸರ ಕೈಯಲ್ಲಿ ಜೋಳದ ಒಣ ದಂಟಿನ ಕಣಿಕೆ ತರಿಸಿ, ಗಾಲಿಯ ಮುಂದೆ ಮೊಳದುದ್ದ ಹಾಸಿ ಹಾಸಿ, ಒಂದನೆಯ ಗೇರಿನಲ್ಲಿ ಮೊಳಮೊಳವಾಗಿ ಮೇಲಕ್ಕೆ ತಂದರು. ನಾವು ಹಿಂದಿನಿಂದ ನೂಕಿದೆವು. ನನ್ನ ಚಪ್ಪಲಿ ಆ ಕೆಸರಿನಲ್ಲೇ ಉಳಿಯಿತು. ಕತ್ತಲಾಗುವುದರೊಳಗೆ ಊರಿನ ಗಾದಿಯೆಲ್ಲ ದಿನ್ನೆಯ ಮೇಲಿದ್ದವು.

ಅವನ್ನು ಬಿಚ್ಚಿ ತೊಳೆದು ಶಾಲೆಯ ಮಾಳಿಗೆ, ಕಟ್ಟೆ, ಬೆಂಚು, ಬಂಡೆ ಎಲ್ಲದರ ಮೇಲೂ ಹತ್ತಿ ಹರಡಿದೆವು. ನಾಲ್ಕು ದಿನ ಬಿಸಿಲು ಕೈಕೊಡಲಿಲ್ಲ. ಒಣಗಿದ್ದನ್ನು ಅಕ್ಕ ಒಂದೊಂದು ಹಿಡಿಯೂ ಮೂಸಿ ನೋಡಿದರು. ನಾಲ್ಕರಲ್ಲಿ ಒಂದು ಪಾಲನ್ನು ನಿರ್ದಾಕ್ಷಿಣ್ಯವಾಗಿ ಬೇರೆ ಹಾಕಿ, ಹೇಳಿದಂತೆಯೇ ತಾವೇ ಕಡ್ಡಿ ಗೀರಿದರು. ಗಾದಿ ಬಿಡದೆ ಕೂತಿದ್ದ ಮುದುಕಿಯ ಹತ್ತಿಯೂ ಅದರಲ್ಲಿ ಹೋಯಿತು. ಅವಳು ಅತ್ತಳು. ಅಕ್ಕ ಅವಳ ಪಕ್ಕದಲ್ಲಿ ಕೂತು, "ನಿನ್ನದು ಉಳೀಲಿಲ್ಲ ಅವ್ವಾ. ಆದ್ರ ಗಾದಿ ಇಲ್ಲದ ನಿನ್ನ ಕಳಸೂದಿಲ್ಲ" ಎಂದರು. ಉಳಿದವರು ಒಂದೊಂದು ಹಿಡಿ ತಂದು ಅವಳ ಚೀಲಕ್ಕೆ ಹಾಕಿದರು.

ಮರುದಿನ ಬೆಳಿಗ್ಗೆ ಬೆಲ್ಟು ಹಾಕಿ ಎಂಜಿನ್ನು ಶುರು ಮಾಡಿದರು. ಟ್ರ್ಯಾಕ್ಟರು ಇದ್ದವರು ತಮ್ಮ ಟಾಕಿಯಿಂದ ಡೀಸೆಲ್ಲು ತೆಗೆದುಕೊಟ್ಟರು. ಎರಡು ದಿನ ಆ ಹಳೆಯ ಲಾರಿ ಒಂದೇ ಉಸಿರಿನಲ್ಲಿ ನಡೆಯಿತು. ಮಣ್ಣಿನ ಬಣ್ಣದ ಮುದ್ದೆ ಒಂದು ಕಡೆ ಹೋಗಿ ಇನ್ನೊಂದು ಕಡೆ ಹೂವಿನಂತೆ ಹಾರಿ ಬರುತ್ತಿತ್ತು. ಹೆಂಗಸರು ತುಂಬಿದರು, ನಾನೂ ದಬ್ಬಣ ಹಿಡಿದು ಹೊಲಿದೆ, ಬೆರಳಿಗೆಲ್ಲ ಚುಚ್ಚಿಕೊಂಡೆ.

ಮಧ್ಯಾಹ್ನ ನೋಡಿದರೆ ದಿನ್ನೆ ಏರಿ ಅಕ್ಕನ ಗಂಡ ಬರುತ್ತಿದ್ದಾರೆ. ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು, ಟವೆಲನ್ನು ಮೂಗಿಗೆ ಬಿಗಿದುಕೊಂಡು. ಅಕ್ಕ ಎಂಜಿನ್ನು ನಿಲ್ಲಿಸಿದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಯಾರ ಬಾ ಅಂದ್ರ ನಿಮಗ? ಇಲ್ಲಿ ಧೂಳ ಕಾಣಸ್ತೈತಿಲ್ಲೋ?"

"ನೀ ಹೊಲಿದ ಗಾದಿ ಅಂಚ ದಪ್ಪ ಬರ್ತಾವ" ಎಂದರು ಆತ ಮೆಲ್ಲಗೆ. "ಅದಕ್ಕ ಬಂದೆ."

ಗಾಳಿ ಬರುವ ದಿಕ್ಕಿಗೆ, ದೂರದ ಬೇವಿನ ಗಿಡದ ಕೆಳಗೆ ಹೋಗಿ ಕೂತರು. ಅಕ್ಕ ತುಂಬಿದ ಗಾದಿಗಳನ್ನು ತಾವೇ ಹೊತ್ತುಕೊಂಡು ಹೋಗಿ ಅವರ ಮುಂದೆ ಹಾಕಿದರು. ಆ ಊರಿನ ಪ್ರತಿಯೊಂದು ಗಾದಿಯ ಅಂಚನ್ನೂ ಆತನೇ ಹೊಲಿದರು. ಮುದುಕಿಯದನ್ನು ಎರಡು ಸಲ ಬಿಚ್ಚಿ ಹೊಲಿದರು.

ಏಳನೆಯ ದಿನ ಇಳಿಹೊತ್ತಿಗೆ ಮನೆಮನೆಯವರು ತಮ್ಮ ಗಾದಿ ತಲೆಯ ಮೇಲಿಟ್ಟುಕೊಂಡು ದಿನ್ನೆ ಇಳಿದರು. ಕೂಲಿ ಎಷ್ಟು ಎಂದು ಹಿರಿಯರು ಬಂದು ಕೇಳಿದಾಗ ಅಕ್ಕ, "ಬಿಸಿ ರೊಟ್ಟಿ ಮಾಡಿ ಹಾಕ್ರಿ, ಹಸಿವ ಆಗೈತಿ" ಎಂದರು. ಲಾರಿಯ ಮೂತಿಗೆ ಒರಗಿ ಗಂಡ ಹೆಂಡತಿ ಇಬ್ಬರೂ ರೊಟ್ಟಿ ತಿಂದರು. ಕೆಸರು, ಎಣ್ಣೆ, ಹತ್ತಿ ಮೆತ್ತಿದ ಆ ಲಾರಿಯ ಪಕ್ಕದಲ್ಲಿ ನಿಂತು ನಾನು ಬಂದವರಿಗೆಲ್ಲ, "ಇವರು ನಮ್ಮ ಪಕ್ಕದ ಮನಿಯವರ್ರಿ" ಎಂದು ಕೇಳದಿದ್ದರೂ ಹೇಳುತ್ತಿದ್ದೆ.

ಎರಡು ವರ್ಷದ ಮೇಲೆ ಅಕ್ಕನ ಗಂಡ ತೀರಿಕೊಂಡರು. ಅಕ್ಕ ಪದ್ಧತಿಯಂತೆ ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲಿದ್ದು ಮತ್ತೆ ಲಾರಿ ಹತ್ತಿದರು. ನಾನು ನಿವೃತ್ತಳಾಗಿ ವಿಜಯಪುರಕ್ಕೆ ಬಂದೆ. ಆಮೇಲೆ ಅವರ ಮೊಣಕಾಲು ನೋವು ಹೆಚ್ಚಾಗಿ ಕ್ಲಚ್ಚು ಒತ್ತುವುದು ಆಗದಾಯಿತು. ಹೆದ್ದಾರಿಯ ಮೇಲೆ ದೊಡ್ಡ ಹೋಟೆಲು ಕಟ್ಟಿದವರೊಬ್ಬರು ಲಾರಿ ಕೇಳಿಕೊಂಡು ಬಂದರು. ಬಾಗಿಲ ಮುಂದೆ ನಿಲ್ಲಿಸಿ ಬಣ್ಣ ಹೊಡೆದು ದೀಪದ ಸರ ಹಾಕುತ್ತಾರಂತೆ, ಜನ ಫೋಟೋ ತೆಗೆಸಿಕೊಳ್ಳುತ್ತಾರಂತೆ. ಒಳ್ಳೆಯ ಬೆಲೆಯನ್ನೇ ಹೇಳಿದರು. ಅಕ್ಕ ಅವರಿಗೆ ಚಹಾ ಕುಡಿಸಿ ಕಳಿಸಿದರು. "ಕುಂದರಸಾಕ ನನಗ ಮನಸಿಲ್ರಿ. ಅದಕ್ಕಿನ್ನೂ ಕಸುವ ಐತಿ" ಎಂದರಂತೆ.

ಕೊನೆಗೆ ಅದು ಹೋದದ್ದು ಗೊಳಸಂಗಿಯ ಒಬ್ಬ ಉಳ್ಳಾಗಡ್ಡಿ ಬೆಳೆಯುವ ರೈತನಿಗೆ. ಅವನಿಗೆ ಕೊಡುವ ಮೊದಲು ಅಕ್ಕ ಅವನಿಂದಲೇ ಓಡಿಸಿ, ಪಕ್ಕದ ಸೀಟಿನಲ್ಲಿ ಕೂತು ದೇವರ ಹಿಪ್ಪರಗಿಯವರೆಗೆ ಮೂರು ಸಲ ಹೋಗಿ ಬಂದರು. ಎರಡು ಸಲ ಬೈದರು, ಮೂರನೆಯ ಸಲ ಚಾವಿ ಕೊಟ್ಟರು. ಮಶೀನು ಮತ್ತೆ ತಗಡಿನ ಶೆಡ್ಡಿಗೆ ಬಂತು.

ಕಳೆದ ತಿಂಗಳು ಅವರನ್ನು ನೋಡಲು ಸಿಂದಗಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ದಿಂಬು ಹೊಲಿಯುತ್ತಿದ್ದರು. ಮಾತಾಡುತ್ತಿದ್ದವರು ತಟ್ಟನೆ ತಲೆಯೆತ್ತಿ ರಸ್ತೆಯ ಕಡೆ ಕಿವಿಗೊಟ್ಟರು. ದೂರದಲ್ಲಿ, ಊರ ಹೊರಗಿನ ಏರಿನಲ್ಲಿ ಒಂದು ಗಾಡಿ ಬರುತ್ತಿತ್ತು. ನನಗೆ ಅದು ಯಾವುದೋ ಲಾರಿ.

"ನಮ್ಮ ಉಳ್ಳಾಗಡ್ಡಿಯಂವ. ಕಲಬುರಗಿಗೆ ಹೊಂಟಾನ. ಲೋಡ ಭಾಳ ಐತಿ" ಎಂದರು. ಸೂಜಿ ಬಟ್ಟೆಯಲ್ಲೇ ನಿಂತಿತ್ತು. ಎಂಜಿನ್ನಿನ ದನಿ ಏರಿನ ನಡುವೆ ದಣಿದು ಕುಗ್ಗತೊಡಗಿತು. "ಈಗ ಎರಡನೇದಕ್ಕ ಹಾಕಬೇಕು" ಎಂದು ಅಕ್ಕ ಪಿಸುಗುಟ್ಟಿದರು. "ಈಗ."

ಒಂದು ಕ್ಷಣ ಸದ್ದು ತಡೆಯಿತು. ಗೇರು ಬಿದ್ದ ಕಟಕ್ ಎಂಬ ಶಬ್ದ ಕೇಳಿ, ಎಂಜಿನ್ನು ಗಟ್ಟಿ ದನಿಯಲ್ಲಿ ಏರು ಹತ್ತತೊಡಗಿತು.

"ಕಲತಾನ" ಎಂದು ಅಕ್ಕ ಮತ್ತೆ ಹೊಲಿಯತೊಡಗಿದರು.